ಕಂಪ್ಯೂಟರಿನಲ್ಲಿದ್ದ ಅಪ್ಪಯ್ಯನ ಮಾತು

ತಾಳಗುಂದ
೧೪-೯-೧೯೯೮

ಸೊರಬದ ಗಂಗಾಧರಣ್ಣನಿಗೆ ತಂಗಿ ನೀಲಾಂಬಿಕ ಮಾಡುವ ಶರಣಾರ್ಥಿ.

ಇಲ್ಲಿ ಎಲ್ಲರೂ ಆರಾಮ. ಅತ್ತಿಗೆ ಮಂಡಿನೋವು ಹೇಗಿದೆ? ಅಪ್ಪಯ್ಯನ ಶಿವಗಣಾರಾಧನೆ ಮುಗಿದು ತಿಂಗಳಾದರೂ ಕಾಗದ ಹಾಕಲಿಲ್ಲ, ಬೇಜಾರಾಗಬೇಡ. ಪೆನ್ನು ಹಿಡಿದರೆ ಬೈಗುಳವೇ ಬರ್ತಿತ್ತು. ಈಗಲೂ ಅದೇ ಬರ್ತಿದೆ, ಓದು.

ಶಿಕಾರಿಪುರದ ನಮ್ಮ ಡಾಕ್ಟ್ರು ಕಂಪ್ಯೂಟರ್ ತರಿಸಿ, ರೋಗಿಗಳ ವಿವರವೆಲ್ಲ ಅದಕ್ಕೇ ತುಂಬಿಸ್ತಿದ್ರಲ್ಲ, ಅಪ್ಪಯ್ಯ ಯುಗಾದಿ ಹೊತ್ತಿಗೇ ಅಲ್ಲಿ ಕೂತು ಬರೆಸಿದ್ದರು. "ಕೊನೆಗಾಲಕ್ಕೆ ಮೂಗಿಗೆ ಪೈಪು ತುರುಕಬೇಡಿ. ಕೊರಳಿನ ಲಿಂಗ ಬಿಚ್ಚಬೇಡಿ. ಮನೆಗೆ ಕಳಿಸಿ, ಅಂಗೈಲಿ ಲಿಂಗ ಇಟ್ಕೊಂಡು ಹೋಗ್ತೀನಿ." ಟೈಪು ಮಾಡುವ ಶರಣ್ಯ ಅದನ್ನು ಓದಿ ಹೇಳಿದ ಮೇಲೆ ಅಪ್ಪಯ್ಯ, "ಪಹಣಿ ಆದ್ರೆ ಯಾರು ಬೇಕಾದ್ರೂ ತಿದ್ದುತಾರೆ, ಇದನ್ನ ತಿದ್ದಕ್ಕಾಗಲ್ಲ ಅಲ್ಲೇನ್ರೀ?" ಅಂತ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ನೀಲಾ, ನೀನೇ ನೋಡ್ಕೋಬೇಕು" ಅಂದರು. ಹೂಂ ಅಂದಿದ್ದೆ.

ಅವರಿಗೆ ಕಾಯಿಲೆ ಜೋರಾದ ದಿನ ನಾನು ಚಂದ್ರಗುತ್ತಿಯಲ್ಲಿದ್ದೆ. ಆಸ್ಪತ್ರೆಗೆ ಓಡಿ ಬರೋದರೊಳಗೆ ಪೈಪು ಹಾಕಿಯಾಗಿತ್ತು, ಕೊರಳು ಬೋಳು. "ಕರೆಂಟಿರಲಿಲ್ಲ ಕಣೇ, ಕಂಪ್ಯೂಟರ್ ತೆಗೀಲೇ ಇಲ್ಲ, ಡಾಕ್ಟ್ರಿಗೆ ಹೇಗೆ ಗೊತ್ತಾಗ್ಬೇಕು?" ಅಂದೆ ನೀನು. ನಾನು ನಂಬಿದೆ. ಬರೆಸಿದ್ದನ್ನ ಮರೆತರಲ್ಲ ಅಂತ ಡಾಕ್ಟ್ರ ಮೇಲೆ ಬೀದಿಗೆಲ್ಲ ಕೇಳೋ ಹಾಗೆ ಕೂಗಾಡಿದೆ. ಅಪ್ಪಯ್ಯನ ಪ್ರಾಣ ಆ ಮಂಚದ ಮೇಲೇ ಹೋಯ್ತು.

ಮೊನ್ನೆ ಸಂತೆಯಲ್ಲಿ ಶರಣ್ಯ ಸಿಕ್ಕಿದಳು. "ಅಕ್ಕಾ, ಕರೆಂಟಿತ್ತು. ಡಾಕ್ಟ್ರು ಪರದೆ ತಿರುಗಿಸಿ ನಿಮ್ಮಣ್ಣಂಗೆ ಓದಿಸಿದ್ರು. 'ಏನೂ ಮಾಡದೆ ಮನೆಗೆ ಒಯ್ದರೆ ಸೊರಬದಾಗೆ ನಾನು ತಲೆ ಎತ್ತಿ ತಿರುಗೋದು ಹೆಂಗೆ? ಹಾಕ್ರೀ' ಅಂದ್ರು ಅವರು" ಅಂದಳು.

ಥೂ ನಿನ್ನ! ನೀನು ತಲೆ ಎತ್ತೋಕೆ ಅಪ್ಪಯ್ಯನ ಕೊರಳಿಂದ ಲಿಂಗ ಬಿಚ್ಚಬೇಕಾಯ್ತಾ? ಸಮಾಧಿಗೆ ಕೂರಿಸುವಾಗ ಅದೇ ಲಿಂಗ ಅಂಗೈಗಿಟ್ಟು ಗೊಳೋ ಅಂತ ಅತ್ತೆಯಲ್ಲ, ಜೀವ ಇದ್ದಾಗ ಕೊಡೋಕೆ ಏನು ಧಾಡಿಯಾಗಿತ್ತು ನಿಂಗೆ? ಓದೋಕೆ ಬರ್ತಿರಲಿಲ್ಲವಾ? ಓದಿಯೂ ಹಾಕಿದ ಆ ಡಾಕ್ಟ್ರಿಗೂ ಹೋಗಿ ಇನ್ನೊಂದು ಸಲ ಉಗಿದು ಬಂದೆ.

ಮಕ್ಕಳಿಗೆ ನನ್ನ ಆಶೀರ್ವಾದ, ಅವರದೇನೂ ತಪ್ಪಿಲ್ಲ. ಶಿವ ನಿನ್ನ ಮನೆ ತಣ್ಣಗಿಟ್ಟಿರಲಿ. ದೀಪಾವಳಿಗೆ ಮಾತ್ರ ಈ ಕಡೆ ಬರಬೇಡ.

ನಿನ್ನ ತಂಗಿ,
ನೀಲಾಂಬಿಕ

ಮತ್ತೆ: ಅವತ್ತು ನಾನು ಹೋದಾಗ ಅಪ್ಪಯ್ಯ ಮುಖ ಗೋಡೆ ಕಡೆ ತಿರುಗಿಸಿಕೊಂಡರು. ಎಷ್ಟು ಕರೆದರೂ ನೋಡಲಿಲ್ಲ. ನೋವಿಗೆ ಅಂದ್ಕೊಂಡಿದ್ದೆ. ಪೈಪು ಹಾಕೋಕೆ ಬಂದಾಗ ಅಪ್ಪಯ್ಯ ಕೈ ಅಡ್ಡ ಹಿಡಿದಿದ್ದರಂತೆ, ಶರಣ್ಯನೇ ಹೇಳಿದಳು. "ನೀಲಾನೇ ಒಪ್ಪಿದಾಳೆ ಅಪ್ಪಯ್ಯ" ಅಂದೆಯಂತೆ ನೀನು. ಆಗ ಕೈ ಕೆಳಗಿಳಿಸಿದರಂತೆ.