ಗೌಂಡಿ ಹುಲಿಗೆಪ್ಪನ ಪುಸ್ತಕ

ನಿಗಡಿ, ಪುಣೆ
18-8-1997

ಪ್ರೀತಿಯ ಸ್ವರ್ಣಲತಾ,

ಮನೆಯಲ್ಲಿ ಎಲ್ಲರೂ ಕ್ಷೇಮವೇ? ನಿನ್ನ ಪತ್ರ ಬಂದು ಎರಡು ತಿಂಗಳಾಯಿತು, ತಡವಾದದ್ದಕ್ಕೆ ಸಿಟ್ಟಾಗಬೇಡ. ಆಫೀಸು ಮುಗಿದರೆ ನನ್ನ ಮಾಸಿಕ ಹಾಳೆ ಕಾಯುತ್ತಿರುತ್ತದೆ. ಯಾವ ಪ್ರಕಾಶಕರು ಹೊಸಬರ ಹಸ್ತಪ್ರತಿ ನೋಡುತ್ತಾರೆ, ಯಾವ ವಾರಪತ್ರಿಕೆಯ ವಿಳಾಸ ಬದಲಾಗಿದೆ, ಕಥಾಸ್ಪರ್ಧೆಯ ಕೊನೆಯ ದಿನ ಯಾವುದು ಎಂದೆಲ್ಲ ಬರೆದು, ಝೆರಾಕ್ಸ್ ಮಾಡಿಸಿ, ಇಲ್ಲಿನ ನಲವತ್ತು ಜನ ಕನ್ನಡ ಬರಹಗಾರರಿಗೆ ಅಂಚೆಗೆ ಹಾಕುತ್ತೇನೆ. ಹಗಲೆಲ್ಲ ಮರಾಠಿ ಮಾತಾಡಿ ಬಂದವಳು ಕೋಣೆಯಲ್ಲಿ ಕೂತು ಆ ವಿಳಾಸಗಳನ್ನೇ ಗಟ್ಟಿಯಾಗಿ ಓದಿಕೊಳ್ಳುತ್ತೇನೆ. ದಿನಕ್ಕೆ ಅಷ್ಟೇ ನನ್ನ ಕನ್ನಡ.

ಈ ಸಲ ಒಂದು ಸುದ್ದಿಯಿದೆ. ವಿಮಾನ ನಗರದಲ್ಲಿ ಗೋಡೆ ಕಟ್ಟುವ ಗೌಂಡಿ ಹುಲಿಗೆಪ್ಪ ನನ್ನ ಹಾಳೆ ನೋಡಿ ತನ್ನ ಕಥೆಗಳನ್ನು ಒಬ್ಬ ಪ್ರಕಾಶಕರಿಗೆ ಕಳಿಸಿದ್ದ. ಯುಗಾದಿ ಕಳೆದ ಮೇಲೆ ಅವರ ಕಾಗದ ಹಿಡಿದು, ಹೆಂಡತಿ ಯಮನವ್ವನನ್ನೂ ಕರೆದುಕೊಂಡು ಬಂದ.

“ಅಕ್ಕಾರ, ಪುಸ್ತಕ ಮಾಡ್ತಾರಂತ್ರಿ. ಆದ್ರ ನನ್ನ ಹೆಸರಿನ ಮುಂದ ಗೌಂಡಿ ಅಂತ ಹಾಕಿದ್ರ ಯಾರೂ ತಗೊಳ್ಳಂಗಿಲ್ಲಂತ. ಸಾಲಿ ಮಾಸ್ತರ ಅಂತ ಹಾಕೂಣು ಅಂತಾರ. ಏನ್ ಮಾಡ್ಲ್ರಿ?”

ಒಪ್ಪಿಕೋ ಎನ್ನುವ ಮಾತು ನನ್ನ ಬಾಯಿಗೇ ಬಂದಿತ್ತು. ಹೊಸಬರ ಪುಸ್ತಕ ಅಚ್ಚಾಗುವುದು ಎಷ್ಟು ಕಷ್ಟ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಷ್ಟರಲ್ಲಿ ಯಮನವ್ವ, “ಗೌಂಡಿ ಅಂತನ ಹಾಕ್ರಿ ಅಂತ ಬರೀರಿ ಅಕ್ಕಾರ. ಆಗಂಗಿಲ್ಲಂದ್ರ ಪುಸ್ತಕನ ಬ್ಯಾಡ” ಅಂದಳು. ಹುಲಿಗೆಪ್ಪ ಪ್ರಕಾಶಕರ ಕಾಗದವನ್ನು ಮಡಿಚಿ ಜೇಬಿಗಿಟ್ಟು, “ಹಂಗ ಬರೀರಿ” ಅಂದ. ಬರೆದೆ.

ಮೂರು ತಿಂಗಳು ಉತ್ತರವಿಲ್ಲ. ಆ ಕಾಗದ ಬರೆದು ಅವನ ಪುಸ್ತಕವನ್ನು ನಾನೇ ಕೆಡಿಸಿದೆನೇನೋ ಎಂದು ಒದ್ದಾಡಿದೆ.

ನಿನ್ನೆ ಇಬ್ಬರೂ ಪುಸ್ತಕ ಹಿಡಿದುಕೊಂಡೇ ಬಂದರು. ಹಿಂಬದಿಯಲ್ಲಿ ‘ಹುಲಿಗೆಪ್ಪ, ಗೌಂಡಿ, ಪುಣೆ’ ಎಂದಿದೆ! ನನ್ನ ಮುಂದೆ ಕೂತು ಒಂದು ಕಥೆ ಓದಿದ. ನಡುವೆ ಯಮನವ್ವ, “ಒಂದ್ ಮಾತು ಬಿಟ್ರಿ ನೋಡ್ರಿ” ಅಂದಳು. ಪುಟ ನೋಡಿದರೆ ಹೌದು, ಒಂದು ಸಾಲು ಬಿಟ್ಟಿದ್ದ. ಆಕೆಗೆ ಓದಲು ಬರುವುದಿಲ್ಲ, ಆದರೆ ಅವನು ಬರೆದದ್ದನ್ನೆಲ್ಲ ಕೇಳಿ ಕೇಳಿ ಬಾಯಿಪಾಠವಾಗಿದೆ. ಅವರು ಹೋದ ಮೇಲೆ ಚಹಾದ ಮೂರು ಕಪ್ಪುಗಳನ್ನು ತೊಳೆಯಲು ಮನಸ್ಸೇ ಬರಲಿಲ್ಲ.

ನಿನ್ನ ಮಗಳು ರೇಣು ಕಾಲೇಜು ಸೇರಿದ್ದು ತಿಳಿದು ಖುಷಿಯಾಯಿತು. ಈ ಮೌಶಿಯ ಆಶೀರ್ವಾದ ತಿಳಿಸು, ನೂರು ಕಾಲ ಸುಖವಾಗಿರಲಿ.

ನಿನ್ನ,
ವಸಂತಿ

ತಾ.ಕ.: ಹೋದ ವರ್ಷ ನಿನಗೊಬ್ಬಳಿಗೇ ಕಳಿಸಿದ್ದ ನನ್ನ ಕಾದಂಬರಿಯನ್ನು ನೀನು, “ಓದಿದೆ, ಭಾಳ ಛಲೋ ಅದ” ಎಂದು ಚೀಟಿಯಿಟ್ಟು ಹಿಂದಿರುಗಿಸಿದೆ. ಅದರ ನಾಯಕಿಗೆ ನಿನ್ನ ಹೆಸರನ್ನೇ ಇಟ್ಟಿದ್ದೆ, ನಮ್ಮ ಹಾಸ್ಟೆಲಿನ ಮಾತುಗಳನ್ನೆಲ್ಲ ಇದ್ದಂತೆಯೇ ಬರೆದಿದ್ದೆ. ಎರಡು ಪುಟ ಓದಿದ್ದರೂ ನೀನು ನನ್ನ ಮೇಲೆ ಜಗಳಕ್ಕೆ ಬರುತ್ತಿದ್ದೆ. ಒಂದು ವರ್ಷದಿಂದ ಆ ಜಗಳಕ್ಕೆ ಕಾಯುತ್ತಿದ್ದೇನೆ, ಸ್ವರ್ಣಾ.