ಹುಳು ಜ್ವರಕ್ಕೆ ಕೂತ ದಿನ

ತಮ್ಮ ಚೌರಪ್ಪನಿಗೆ,

ನೀನಿದ್ದ ಸಿಂಗಪುರ ಜಪಾನಿನವರ ಕೈಗೆ ಬಿದ್ದಂದಿನಿಂದ ನಿನಗೆ ಬರೆಯಲು ವಿಳಾಸವಿಲ್ಲ. ಆದರೂ ಬರೆಯುತ್ತಿದ್ದೇನೆ.

ಈ ತಪಸ್ಸುಕಾಲ ಮುಗಿದು ಈಸ್ಟರ್ ಬರುವುದರೊಳಗೆ ನಿನ್ನ ಹೆಸರಿನಲ್ಲಿ ಸತ್ತವರ ಪೂಜೆ ಕೊಡಿಸಬೇಕೆಂದು ಊರಿನವರೆಲ್ಲ ಹೇಳುತ್ತಿದ್ದಾರೆ. ದೇವರನ್ನು ಕೇಳಿ ಹೇಳುತ್ತೇನೆ ಎಂದು ಚರ್ಚಿನ ಸ್ವಾಮಿಗಳಿಗೆ ಅಂದಿದ್ದೆ. ಆದರೆ ಕೇಳಿಸಿಕೊಳ್ಳಲು ಸದ್ದಿಲ್ಲದ ಜಾಗ ಸಿಗಲಿಲ್ಲ. ಗುಡಿಯಲ್ಲಿ ಶಿಲುಬೆಹಾದಿಯ ಹಾಡು, ದೇವನಹಳ್ಳಿ ರಸ್ತೆಯಲ್ಲಿ ಮಿಲಿಟರಿ ಲಾರಿಗಳು. ನಮ್ಮ ಹುಳುಮನೆಯಲ್ಲಂತೂ ರೇಷ್ಮೆಹುಳು ಸೊಪ್ಪು ಮೇಯುವ ಸದ್ದು ನಿಲ್ಲುವುದೇ ಇಲ್ಲ.

ಇವತ್ತು ಹುಳು ಜ್ವರಕ್ಕೆ ಕೂತವು. ನಿನಗೆ ಗೊತ್ತಲ್ಲ, ಪೊರೆ ಬಿಡುವ ಮುಂಚೆ ಅವು ಮೇವು ಬಿಟ್ಟು, ತಲೆಯೆತ್ತಿ, ಅಲುಗದೆ ಇರುತ್ತವೆ. ಬಾಗಿಲು ಹಾಕಿಕೊಂಡು ತಟ್ಟೆಗಳ ನಡುವೆ ಮಂಡಿಯೂರಿದೆ. ಅಂಥ ನಿಶ್ಶಬ್ದದಲ್ಲಿ ನಾನು ಎಂದೂ ಇದ್ದವನಲ್ಲ. ಹೊತ್ತು ಇಳಿಯುವವರೆಗೂ ಕಾದೆ.

ಹೊರಗೆ ಅಮ್ಮ ಕೂತಿದ್ದಳು. ನಿನ್ನನ್ನು ಸೈನ್ಯಕ್ಕೆ ಸೇರಿಸಲು ನಾನು ಕರೆದುಕೊಂಡು ಹೋದ ದಿನದ ಮಾತನ್ನು ಅವಳು ಇದುವರೆಗೂ ಎತ್ತಿಲ್ಲ.

"ಏನಂದ್ನೋ ದೇವ್ರು?"

"ಏನೂ ಅನ್ಲಿಲ್ಲಮ್ಮ."

"ಸತ್ತೋದ ಅಂದ್ನಾ?"

"ಇಲ್ಲ."

"ಮತ್ತೆ? ಅವ್ನೇ ಅನ್ದೆ ಇರೋದ್ನ ಈ ಊರೋರು ಯಾಕಂತಾರೆ? ಏಳು, ಮುದ್ದೆ ತಿನ್ನು. ಮಂಡಿಗೆಲ್ಲ ಹುಳಿನ ಹಿಕ್ಕೆ ಮೆತ್ಕೊಂಡೈತೆ, ದೊಡ್ಡ ಸನ್ಯಾಸಿ!"

ಊಟಕ್ಕೆ ಮುಂಚೆಯೇ ಹೋಗಿ, ಪೂಜೆ ಬೇಡವೆಂದು ಸ್ವಾಮಿಗಳಿಗೆ ಹೇಳಿ ಬಂದೆ. ಮುಂದಿನ ಜ್ವರಕ್ಕೂ ಅಲ್ಲೇ ಹೋಗಿ ಕೂರುತ್ತೇನೆ, ಅದರ ಮುಂದಿನದಕ್ಕೂ. ಕಿವಿಗೊಟ್ಟೇ ಕೂರುತ್ತೇನೆ ಚೌರಿ, ದೇವರು ಏನೂ ಹೇಳದಿರಲಿ ಎಂದು.