ವರದಾ ನದಿಯನ್ನು ಮರಳಿ ಮೂಡಣ ಕಡಲಿಗೆ ಬಿಟ್ಟುಕೊಡುವ ಬಗ್ಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಮಕ್ಕಳ ರಸಪ್ರಶ್ನೆ ಸ್ಪರ್ಧೆಯ ಮುಖ್ಯ ತೀರ್ಪುಗಾರರಿಗೆ,

೧. ಅರ್ಜಿದಾರ: ಹುಲಿಯಪ್ಪ, ವಯಸ್ಸು ಎಪ್ಪತ್ತೆಂಟು, ವರದಮೂಲದ ಸಮೀಪದ ನಿವಾಸಿ.
೨. ಬಾಧಿತಳು: ಮೊಮ್ಮಗಳು ಯಶಸ್ವಿನಿ, ಆರನೆಯ ತರಗತಿ.
೩. ಪ್ರಶ್ನೆ: ವರದಾ ನದಿಯ ನೀರು ಕೊನೆಗೆ ಯಾವ ಸಮುದ್ರ ಸೇರುತ್ತದೆ?
೪. ಆಕೆಯ ಉತ್ತರ: ಬಂಗಾಳ ಕೊಲ್ಲಿ. ತಮ್ಮ ತೀರ್ಪು: ತಪ್ಪು, ಅರಬ್ಬೀ ಸಮುದ್ರ.

ಮಾನ್ಯರೇ,

ನನ್ನ ಜೀವಮಾನವಿಡೀ ಬನವಾಸಿಯ ದಾರಿ ಹಿಡಿದು ಮೂಡಣ ಕಡಲಿಗೆ ಹೋದ ನದಿಯನ್ನು ತಾವು ಕಳೆದ ಶನಿವಾರ ಕುರ್ಚಿಯಿಂದ ಏಳದೆಯೇ ಪಡುವಣಕ್ಕೆ ತಿರುಗಿಸಿದಿರಿ. ಇಂಥ ಕಾಮಗಾರಿಗೆ ಅಣೆಕಟ್ಟೆ, ಸುರಂಗ ಬೇಕೆಂದು ನಂಬಿದ್ದ ನನಗೆ ಇದು ಹೊಸ ತಿಳಿವಳಿಕೆ. ತಪ್ಪು ಯಾರಿಂದಲೂ ಆಗುತ್ತದೆ. ಆ ತಪ್ಪನ್ನು ತಾವು ಸಾಕಿ ಸಲಹಿದ ರೀತಿಗೆ ಹೇಸಿಗೆಯಾಯಿತು.

ಅಂದೇ ಮೊಮ್ಮಗಳೊಡನೆ ವೇದಿಕೆಯ ಬಳಿ ಬಂದು ವಿಚಾರಿಸಿದೆ. "ಯಜಮಾನ್ರೇ, ಸಮುದ್ರ ಇಲ್ಲೇ ಘಟ್ಟದ ಕೆಳಗಿದೆ. ಅದನ್ನ ಬಿಟ್ಟು ಅಷ್ಟು ದೂರ ಹೋಗಕ್ಕೆ ನದಿಗೇನು ತಲೆ ಕೆಟ್ಟಿದ್ಯಾ?" ಎಂದಿರಿ. ಸುತ್ತ ಇದ್ದವರು ನಕ್ಕರು. ಅದೇ ನ್ಯಾಯದಲ್ಲಿ ತಾಳಗುಪ್ಪದ ರೈಲೂ ಘಟ್ಟ ಇಳಿಯಬೇಕಿತ್ತಲ್ಲವೆ? ಅದೇಕೆ ಬೆಂಗಳೂರಿಗೆ ಹೋಗುತ್ತಿದೆ? ತೀರ್ಥಹಳ್ಳಿ ಸೀಮೆಯಲ್ಲಿ ಹುಟ್ಟಿದ ಶರಾವತಿ ಪಡುವಣಕ್ಕೆ ಹೋಗುತ್ತಾಳೆ, ನಿಜ. ಅದೇ ತೀರ್ಥಹಳ್ಳಿಯ ಪೇಟೆ ಹಾಯುವ ತುಂಗೆ ಮೂಡಣಕ್ಕೆ ಹೋಗುತ್ತಾಳೆ. ಒಂದೇ ಸೀಮೆಯ ನೀರು ಎರಡು ಕಡಲಿಗೆ ಹಂಚಿಹೋಗುವ ಈ ಸೋಜಿಗವನ್ನು ಮಕ್ಕಳಿಗೆ ಹೇಳಬೇಕಾದ ತಾವು, "ಉತ್ತರದ ಪಟ್ಟಿ ಮೇಲಿಂದ ಬಂದಿದೆ, ತಿದ್ದಕ್ಕಾಗಲ್ಲ" ಎಂದು ಕಡತ ಮಡಚಿದಿರಿ.

ನನ್ನ ತಂಗಿ ಗುತ್ಯಮ್ಮನನ್ನು ಹೊಳೆಯ ಕೆಳಗಿನ ಬನವಾಸಿಗೆ ಕೊಟ್ಟು ಐವತ್ತೆರಡು ವರ್ಷವಾಯಿತು. ಮುಂಗಾರಿನಲ್ಲಿ ಇಲ್ಲಿ ಹೊಳೆ ಕೆಂಪಾದರೆ ನಾನು ತಿಳಿಸುವುದು, ಅಲ್ಲಿಗೆ ಕೆಂಪು ನೀರು ಮುಟ್ಟಿದರೆ ಅವಳು ತಿಳಿಸುವುದು ನಮ್ಮ ರೂಢಿ. ಮೊದಲು ಕಾರ್ಡಿನಲ್ಲಿ, ಈಗ ಮೊಬೈಲಿನಲ್ಲಿ. ಈ ವರ್ಷ ಫೋನು ಎತ್ತಿದವಳು ಯಶಸ್ವಿನಿ. "ನಿಮ್ಮಜ್ಜ ಕಾಲು ತೊಳೆದ ನೀರು ಬಂತು ಕಣೇ. ಸ್ವಲ್ಪ ಸೋಪು ಹಚ್ಚಕ್ಕೆ ಹೇಳು" ಎಂದಳಂತೆ ಗುತ್ಯಮ್ಮ. ಮಗು ಅಂದೇ ಭೂಪಟದ ಮೇಲೆ ಬೆರಳಿಟ್ಟು ವರದೆಯಿಂದ ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಕೊಲ್ಲಿಯವರೆಗೂ ಹೋದಳು. ತಾವು ತಪ್ಪೆಂದದ್ದು ಆ ಉತ್ತರವನ್ನು.

ಮರಳುವಾಗ ಬಸ್ಸಿನಲ್ಲಿ ಅವಳು, "ಅಜ್ಜ, ಮುಂದಿನ ಸಲ ಅರಬ್ಬೀ ಅಂತ್ಲೇ ಬರೀತೀನಿ. ಅವ್ರಿಗೆ ಬೇಕಾದ್ದು ಅದೇ ಅಲ್ವಾ?" ಎಂದಳು. ತಮ್ಮ ಪಟ್ಟಿಯಲ್ಲಿ ಇದಕ್ಕೆ ಉತ್ತರವಿದೆಯೆ?

ಬಹುಮಾನ ಬೇಡ, ಅದನ್ನು ಗೆದ್ದ ಮಗುವಿನಿಂದ ಕಿತ್ತುಕೊಳ್ಳುವುದೂ ಬೇಡ. "ನೀನು ಹೇಳಿದ್ದು ಸರಿ" ಎಂದು ತಮ್ಮ ಕೈಯಾರೆ ಬರೆದು, ರುಜು ಹಾಕಿ, ಅವಳ ಹೆಸರಿಗೇ ಕಳಿಸತಕ್ಕದ್ದು. ಮುಂದಿನ ಕೆಂಪು ನೀರು ಬರುವುದರೊಳಗೆ ಅದು ತಲುಪಬೇಕು. ಅಂದು ಗುತ್ಯಮ್ಮನ ಫೋನು ಎತ್ತುವವಳೂ ಅವಳೇ.

ಇಂತಿ,
ತಮ್ಮ ತೀರ್ಪಿನ ಪ್ರಕಾರ ತಂಗಿಯನ್ನು ತಪ್ಪು ದಿಕ್ಕಿಗೆ ಕೊಟ್ಟಿರುವ,
ಹುಲಿಯಪ್ಪ

ಅಡಕ: ೧೯೭೫ರ ಜೂನ್ ತಿಂಗಳಲ್ಲಿ ಬನವಾಸಿಯಿಂದ ಬಂದ ಅಂಚೆ ಕಾರ್ಡು, ಒಂದು. ಒಕ್ಕಣೆ: "ಅಣ್ಣಾ, ನೀರು ಬಂತು." ಮೂಲಪ್ರತಿಯಾದ್ದರಿಂದ ಓದಿ ಹಿಂದಿರುಗಿಸುವುದು.